ನಿಂತ ಗಾಡಿಯ ತಂಪು

ಟ್ವೈಲಾಳ ಕಾರು ಓಡುವಾಗ ತಣ್ಣಗಿರುತ್ತಿತ್ತು, ನಿಂತರೆ ಕುದಿಯುತ್ತಿತ್ತು. ಹೆದ್ದಾರಿಯಲ್ಲಿ ಹೋಗುತ್ತಿರುವಷ್ಟು ಹೊತ್ತು ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತಿತ್ತು. ಕೆಂಪು ದೀಪ ಕಂಡು ನಿಲ್ಲಿಸಿದರೆ ಸಾಕು, ಬಿಸಿ ತೋರಿಸುವ ಮುಳ್ಳು ಮೇಲೇರಿ, ಎ.ಸಿ.ಯ ಕಿಂಡಿಯಿಂದ ಬಿಸಿಗಾಳಿ ಬಂದು, ಬಾನೆಟ್ಟಿನ ಸಂದಿಯಲ್ಲಿ ಆವಿ ಏಳುತ್ತಿತ್ತು. ಹಾಗಾಗಿ ಅಮೆರಿಕದ ಮರುಭೂಮಿಯ ಊರಾದ ಫೀನಿಕ್ಸಿನ ಆ ಬೇಸಿಗೆಯಲ್ಲಿ ಅವಳು ಕೆಲಸ ಮುಗಿಸಿ ಬಂದವಳೇ ತಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಊರ ಸುತ್ತಿನ ಹೆದ್ದಾರಿಯಲ್ಲಿ ಸುಮ್ಮನೆ ಸುತ್ತುತ್ತಿದ್ದಳು. ಎಲ್ಲಿಗೂ ಹೋಗುವುದಿರಲಿಲ್ಲ. ತಾಯಿಯ ಮೈಗೆ ಒಂದಿಷ್ಟು ತಂಪು ತಾಗಿ, ಅವಳು ಕಣ್ಣು ಮುಚ್ಚಿದರೆ ಅಷ್ಟೇ ಸಾಕಾಗಿತ್ತು.

ಆಗ ನಾವು ಕೆಲವರು ಒಂದು ಚರ್ಚಿನ ಹಿಂದಿನ ಪಾರ್ಕಿಂಗ್ ಅಂಗಳದಲ್ಲಿ ನಮ್ಮ ನಮ್ಮ ಗಾಡಿಗಳಲ್ಲೇ ಬದುಕುತ್ತಿದ್ದೆವು. ನನ್ನದು ಹಳೆಯ ವ್ಯಾನು. ಬೆಳಗಿನ ಹೊತ್ತು ಒಂದು ಮೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದೆ. ಪಾದ್ರಿ ಒಳ್ಳೆಯ ಮನುಷ್ಯ. ಶೌಚಾಲಯದ ಬಾಗಿಲು ತೆರೆದಿಡುತ್ತಿದ್ದ, ನಲ್ಲಿಗೆ ಬೀಗ ಹಾಕುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿಗೆ ನಾವೂ ಕೇಳಲಿಲ್ಲ.

ಟ್ವೈಲಾಳ ಕಾರು ನನ್ನ ವ್ಯಾನಿನ ಪಕ್ಕದಲ್ಲೇ ನಿಲ್ಲುತ್ತಿತ್ತು. ಅವಳಿಗೆ ನಲವತ್ತು ದಾಟಿತ್ತು, ಮೌನಿ. ಅವಳ ತಾಯಿ ಐಡೆಲಾ ಮಾತ್ರ ಇಡೀ ಅಂಗಳಕ್ಕೆ ಕೇಳುವಂತೆ ಮಾತಾಡುವವಳು. ಅರ್ಕನ್ಸಾ ಕಡೆಯ ಹಳ್ಳಿಯೊಂದರಲ್ಲಿ ಶಾಲೆಯ ಬಸ್ಸು ಓಡಿಸಿಕೊಂಡು ಮಗಳನ್ನು ಬೆಳೆಸಿದವಳು. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದ ಮೇಲೆ ಮಗಳ ಹತ್ತಿರ ಬಂದಿದ್ದಳು. ಆಗ ಮಗಳಿಗೆ ಬಾಡಿಗೆ ಮನೆಯಿತ್ತು. ಆಮೇಲೆ ಮನೆ ಹೋಯಿತು, ತಾಯಿ ಉಳಿದಳು. ಮಡಿಸುವ ಕುರ್ಚಿಯ ಮೇಲೆ ಕೂತು, ಕತ್ತಿಗೆ ಒದ್ದೆ ಟವೆಲ್ ಸುತ್ತಿಕೊಂಡು, ಬಂದು ಹೋಗುವ ಪ್ರತಿ ಗಾಡಿಯ ಚಾಲಕನಿಗೂ ಅವಳು ಬುದ್ಧಿ ಹೇಳುತ್ತಿದ್ದಳು. ನಾನು ವ್ಯಾನನ್ನು ಹಿಂದಕ್ಕೆ ತೆಗೆದುಕೊಳ್ಳುವಾಗೆಲ್ಲ, "ಕನ್ನಡಿ ಇರೋದು ಮುಖ ನೋಡ್ಕೊಳ್ಳೋಕಲ್ಲಮ್ಮ" ಎನ್ನುತ್ತಿದ್ದಳು.

ಟ್ವೈಲಾ ಕೆಲಸಕ್ಕಿದ್ದದ್ದು ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ. ಅಲ್ಲಿನ ಮುದುಕ ಮುದುಕಿಯರಿಗೆ ಊಟ ಬಡಿಸಿ, ತಟ್ಟೆ ತೊಳೆಯುವುದು. ಅವಳ ತಾಯಿಯನ್ನು ಅಲ್ಲಿ ಇರಿಸಿಕೊಳ್ಳಲು ಸಾಧ್ಯವಿಲ್ಲ ಎಂಬುದನ್ನು ಅಲ್ಲಿಯವರು ಯಾವತ್ತೋ ಹೇಳಿಯಾಗಿತ್ತು. ಮೊದಮೊದಲು ಕೆಲಸದ ಹೊತ್ತಿನಲ್ಲಿ ತಾಯಿಯನ್ನು ಸಾರ್ವಜನಿಕ ಗ್ರಂಥಾಲಯದಲ್ಲಿ ಕೂರಿಸಿ ಹೋಗುತ್ತಿದ್ದಳು. ಅಲ್ಲಿ ತಂಪು, ಕುಡಿಯಲು ನೀರು. ಒಂದು ದಿನ ಐಡೆಲಾಗೆ ಶೌಚಾಲಯದವರೆಗೆ ಹೋಗುವಷ್ಟು ಸಮಯ ಸಿಗಲಿಲ್ಲ. ಕುರ್ಚಿಯೂ ಒದ್ದೆಯಾಯಿತು, ನೆಲವೂ ಒದ್ದೆಯಾಯಿತು. ಯಾರೂ ಗದರಲಿಲ್ಲವಂತೆ. ಒಬ್ಬ ಹುಡುಗಿ ಕಾಗದದ ಟವೆಲು ತಂದು ಸುಮ್ಮನೆ ಒರೆಸಿದಳಂತೆ. ಗದರಿದ್ದರೆ ಐಡೆಲಾ ತಿರುಗಿ ಗದರುತ್ತಿದ್ದಳೇನೋ. ಆ ಹುಡುಗಿಯ ಮೌನವನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಇನ್ನು ಆ ಕಟ್ಟಡಕ್ಕೆ ಕಾಲಿಡುವುದಿಲ್ಲ ಎಂದುಬಿಟ್ಟಳು. ಮಗಳು ಬೇಡಿಕೊಂಡಳು, ಅತ್ತಳು, ಬೈದಳು. ಮುದುಕಿ ಜಗ್ಗಲಿಲ್ಲ.

ಅಲ್ಲಿಂದ ಮುಂದೆ ಅವಳ ಹಗಲು ನಮ್ಮ ಅಂಗಳದ ಒಂದೇ ಒಂದು ಮರದ ಕೆಳಗೆ. ಆ ಮರದ ನೆರಳೆಂದರೆ ಜರಡಿಯಲ್ಲಿ ನೀರು ತುಂಬಿದ ಹಾಗೆ. ಜೂನ್ ಕಳೆಯುವಷ್ಟರಲ್ಲಿ ಅವಳ ಮಾತು ಕಡಿಮೆಯಾಗಿತ್ತು. ನಾನು ಕೆಲಸದಿಂದ ಬಂದಾಗ ಟವೆಲು ಒಣಗಿ ಕತ್ತಿಗೆ ಅಂಟಿರುತ್ತಿತ್ತು, ತುಟಿ ಬಿಳಚಿಕೊಂಡಿರುತ್ತಿತ್ತು.

ಅಂಗಳದ ಆ ತುದಿಯಲ್ಲಿ ವೆಂಡೆಲ್ ಇದ್ದ. ಹಿಂಭಾಗಕ್ಕೆ ತಗಡಿನ ಗೂಡು ಕೂರಿಸಿದ ಪಿಕಪ್ ಗಾಡಿಯಲ್ಲಿ ಅವನ ಸಂಸಾರ. ಸಂಸಾರವೆಂದರೆ ಅವನೊಬ್ಬನೇ. ಮನೆಗಳ ಛಾವಣಿಯ ಮೇಲೆ ದೊಡ್ಡ ಎ.ಸಿ. ಯಂತ್ರ ಕೂರಿಸುವ ಕೆಲಸ ಮಾಡುತ್ತಿದ್ದವನು. ಒಂದು ಛಾವಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಕೆಲಸವೂ ಹೋಗಿ, ಹೆಂಡತಿಯೂ ಹೋಗಿ, ನೋವಿನ ಮಾತ್ರೆಯ ಚಟ ಮಾತ್ರ ಜೊತೆಗೆ ಉಳಿದಿತ್ತು. ಅದನ್ನೂ ಹೇಗೋ ಬಿಟ್ಟಿದ್ದ. ಬಿಟ್ಟ ಮೇಲೆ ಯಾರ ಮುಖವನ್ನೂ ನೋಡದೆ ಓಡಾಡುತ್ತಿದ್ದ. ಅವನನ್ನು ಮಾತಿಗೆಳೆದವಳು ಐಡೆಲಾ.

ಒಂದು ಸಂಜೆ ಅವಳು ಅವನನ್ನು ಕೂಗಿ ಕರೆದಳು. "ಏನಪ್ಪಾ, ಎ.ಸಿ. ಕೆಲಸದವನಂತೆ ನೀನು?"

"ಆಗ ಇದ್ದೆ, ಮಿಸ್ ಐಡೆಲಾ. ಈಗಲ್ಲ."

"ಕೈಗೆ ಕೆಲಸ ಮರೆತುಹೋಗಿದ್ಯಾ?"

"ಕೈ ಇದೆ. ಬೆನ್ನಿಲ್ಲ."

"ನನಗೆ ಅರ್ಧ ಮೈಯ್ಯೇ ಇಲ್ಲ, ನಾನು ಬಾಯಿ ಮುಚ್ಕೊಂಡಿದ್ದೀನಾ? ಈ ಗಾಡಿ ಮುಂದೆ ಎರಡು ಫ್ಯಾನಿವೆ, ಸತ್ತು ಮಲಗಿವೆ. ನೋಡು ಒಂದ್ಸಲ. ನೋಡೋಕೇನು ಬೆನ್ನು ಬೇಕಾ?"

ವೆಂಡೆಲ್ ನೋಡಿದ. ರೇಡಿಯೇಟರಿನ ಹಿಂದೆ ಎರಡು ವಿದ್ಯುತ್ ಫ್ಯಾನುಗಳು. ಒಂದರ ಮೋಟಾರು ಹಿಡಿದುಕೊಂಡು ಕಲ್ಲಾಗಿತ್ತು. ಇನ್ನೊಂದಕ್ಕೆ ಕರೆಂಟು ಬರುವ ಪ್ಲಗ್ಗು ಮೇಣದ ಹಾಗೆ ಕರಗಿ ಅಂಟಿಕೊಂಡಿತ್ತು. ವೈರಿನ ಮೇಲಿನ ಹೊದಿಕೆಯನ್ನು ಬೆರಳಿಂದ ಮುಟ್ಟಿದರೆ ಒಣಗಿದ ಎಲೆಯಂತೆ ಉದುರುತ್ತಿತ್ತು. ಬರೀ ಫ್ಯಾನು ಬದಲಿಸಿದರೆ ಆಗುವುದಿಲ್ಲ, ವೈರನ್ನೆಲ್ಲ ಕಿತ್ತು ಹೊಸದಾಗಿ ಎಳೆಯಬೇಕು ಎಂದ. ಎಳೆಯುತ್ತೇನೆ ಎಂದು ಅವನು ಹೇಳಲಿಲ್ಲ. ಆದರೆ ಆ ವಾರವೇ ಗುಜರಿ ಅಂಗಳಕ್ಕೆ ಹೋಗಿ, ಅಪಘಾತದಲ್ಲಿ ನುಜ್ಜಾಗಿ ಬಿದ್ದಿದ್ದ ಯಾವುದೋ ಗಾಡಿಯಿಂದ ಎರಡು ಒಳ್ಳೆಯ ಫ್ಯಾನು ಬಿಚ್ಚಿ ತಂದ.

ಭಾನುವಾರ ಪ್ರಾರ್ಥನೆ ಮುಗಿದು ಜನ ಹೋದ ಮೇಲೆ ಕೆಲಸಕ್ಕೆ ಕೂತ. ಟಾರ್ಪಾಲು ಕಟ್ಟಿ ನೆರಳು ಮಾಡಿದೆವು. ಬಗ್ಗಲಾಗದೆ ಅವನು ಮಂಡಿಯೂರಿ, ಬಂಪರಿಗೆ ಎದೆಯೊರಗಿಸಿ ಕೆಲಸ ಮಾಡಿದ. ಹಳೆಯ ಫ್ಯಾನು ಬಿಚ್ಚಿ, ಹೊಸದನ್ನು ಕೂರಿಸಿ, ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದ. ನಡುವೆ ಫ್ಯೂಸು, ಆಮೇಲೆ ಕೀಲಿ ತಿರುಗಿದಾಗ ಕರೆಂಟು ಬಿಡುವ ರಿಲೇ ಡಬ್ಬಿ. ಅರ್ಥ್ ವೈರು ಕೂರಿಸುವ ಜಾಗದಲ್ಲಿ ಬಣ್ಣ ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಿದ. ಪ್ರತಿ ಜೋಡಣೆಗೂ ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹೊದಿಸಿ, ಬಿಸಿ ಮಾಡಿ ಕೂರಿಸಿದ. ಅವನ ಮುಖದಲ್ಲಿ ನಾನು ಮೊದಲ ಸಲ ಒಂದು ನೆಮ್ಮದಿ ಕಂಡೆ.

ಮೊದಲು ಆ ಕಾರಿನಲ್ಲಿ ಒಂದು ಫ್ಯಾನು ಎ.ಸಿ. ಹಾಕಿದಾಗ ತಿರುಗುತ್ತಿತ್ತು, ಇನ್ನೊಂದು ಎಂಜಿನ್ನು ಬಿಸಿಯಾದಾಗ ಮಾತ್ರ. ಬಿಸಿ ಅಳೆಯುವ ಆ ಸ್ವಿಚ್ಚು ಕೆಟ್ಟಿತ್ತು, ಗುಜರಿಯಲ್ಲಿ ಸಿಕ್ಕಿರಲಿಲ್ಲ. ಹಾಗಾಗಿ ಎರಡನ್ನೂ ಕೀಲಿಗೇ ಕಟ್ಟಿದೆ ಎಂದು ವೆಂಡೆಲ್ ವಿವರಿಸಿದ. ಕೀಲಿ ತಿರುಗಿಸಿದರೆ ಎರಡೂ ಪೂರ್ತಿ ಜೋರಲ್ಲಿ ತಿರುಗುತ್ತವೆ, ತೆಗೆದರೆ ನಿಲ್ಲುತ್ತವೆ. ನಡುವೆ ಬುದ್ಧಿವಂತಿಕೆ ಮಾಡುವ ಸಾಮಾನು ಯಾವುದೂ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ.

"ಬುದ್ಧಿ ಇಲ್ದಿದ್ರೆ ಬಾಳಿಕೆ ಬರುತ್ತೆ ಬಿಡು," ಎಂದಳು ಐಡೆಲಾ. "ನನ್ನ ಗಂಡನೂ ಹಂಗೇ ಇದ್ದ. ತುಂಬಾ ವರ್ಷ ಬಾಳ್ದ."

ಟ್ವೈಲಾ ಕೀಲಿ ತಿರುಗಿಸಿದಳು. ಎರಡೂ ಫ್ಯಾನು ಒಟ್ಟಿಗೆ ಗುಯ್ಯೆಂದವು. ವೆಂಡೆಲ್ ಬ್ಯಾಟರಿಗೆ ಮೀಟರು ಹಿಡಿದು ನೋಡಿದ, ತಲೆಯಾಡಿಸಿದ. ಎ.ಸಿ. ಹಾಕಿಸಿ ಮತ್ತೆ ನೋಡಿದ. ಬಿಸಿ ಮುಳ್ಳು ನಡುವಿನಲ್ಲಿ ನಿಂತು ಅಲ್ಲಾಡಲಿಲ್ಲ. ಹಿಂದಿನ ಸೀಟಿನಲ್ಲಿ ಕೂತ ಐಡೆಲಾ ಮುಂದಕ್ಕೆ ಬಾಗಿ, ಕಿಂಡಿಗೆ ಮುಖ ಕೊಟ್ಟು ಕಣ್ಣು ಮುಚ್ಚಿದಳು. ಆಮೇಲೆ ಸರಿಯಿದ್ದ ಕೈಯಿಂದ ವೆಂಡೆಲನ ತಲೆ ಸವರಿದಳು. ಅವನು ಗಾಡಿಯ ಆ ಕಡೆಗೆ ಹೋಗಿ ಸ್ಪ್ಯಾನರುಗಳನ್ನು ಒರೆಸುತ್ತ ನಿಂತ. ಬ್ಯಾಟರಿ ಹಳೆಯದಾಗಿದೆ, ಯಾವಾಗಲಾದರೂ ತೋರಿಸು ಎಂದು ಟ್ವೈಲಾಗೆ ಹೇಳಿದ. ಅವಳು ಹೂಂ ಎಂದಳು.

ಆಮೇಲಿನ ಕೆಲವು ವಾರ ಚೆನ್ನಾಗಿದ್ದವು. ಟ್ವೈಲಾ ತಾಯಿಯನ್ನು ಕೆಲಸದ ಜಾಗಕ್ಕೇ ಕರೆದುಕೊಂಡು ಹೋಗತೊಡಗಿದಳು. ವೃದ್ಧಾಶ್ರಮದ ಹಿಂಬದಿಯಲ್ಲಿ, ಅಡುಗೆಮನೆಯ ಬಾಗಿಲಿಗೆ ಕಾಣುವ ಹಾಗೆ ಕಾರು ನಿಲ್ಲಿಸಿ, ಎಂಜಿನ್ನು, ಎ.ಸಿ. ಎರಡೂ ಚಾಲೂ ಇಟ್ಟು, ಇನ್ನೊಂದು ಕೀಲಿಯಿಂದ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಒಳಗೆ ಹೋಗುತ್ತಿದ್ದಳು. ಕೀಲಿಯಿರುವ ಗಾಡಿಯನ್ನು ಯಾರಾದರೂ ಮುದುಕಿಯ ಸಮೇತ ಹೊಡೆದುಕೊಂಡು ಹೋದಾರೆಂಬ ಭಯ. ಕಸ ಚೆಲ್ಲುವ ನೆಪದಲ್ಲಿ, ಬಿಡುವಿನ ಹೊತ್ತಿನಲ್ಲಿ, ಬಂದು ಬಂದು ನೋಡುತ್ತಿದ್ದಳು. ಬಾಗಿಲಲ್ಲಿ ನಿಂತರೆ ಫ್ಯಾನಿನ ಸದ್ದು ಕೇಳುತ್ತಿತ್ತಂತೆ. ಸದ್ದು ಕೇಳಿದರೆ ತಿರುಗಿ ಒಳಗೆ ಹೋಗುವುದು.

ಸಂಜೆ ಅಂಗಳಕ್ಕೆ ಬಂದ ಮೇಲೆ ಐಡೆಲಾ ದೊಡ್ಡಮನೆಯ ಯಜಮಾನಿಯಾಗುತ್ತಿದ್ದಳು. ಬಿಸಿಲಲ್ಲಿ ಬೆಂದು ಬಂದವರನ್ನು ಒಬ್ಬೊಬ್ಬರಾಗಿ ಕರೆದು ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. "ಬಾಗಿಲು ಬೇಗ ಹಾಕು, ತಂಪೆಲ್ಲ ಓಡಿಹೋಗುತ್ತೆ" ಎಂದು ಗದರುತ್ತಿದ್ದಳು. ನಾನೂ ಕೂತಿದ್ದೇನೆ. ಒಗೆದ ಬಟ್ಟೆಯ ಸೋಪಿನ ವಾಸನೆ ನನ್ನಿಂದ, ಪುದೀನ ಮಿಠಾಯಿಯ ವಾಸನೆ ಅವಳಿಂದ. ಶಾಲೆಯ ಬಸ್ಸಿನಲ್ಲಿ ಜಗಳವಾಡಿದ ಮಕ್ಕಳನ್ನು ಹೇಗೆ ಕೈ ಕೈ ಹಿಡಿಸಿ ಕೂರಿಸುತ್ತಿದ್ದಳೆಂದು ಹೇಳುತ್ತಿದ್ದಳು. ವೆಂಡೆಲ್ ಈಗ ಅವರ ಜೊತೆಯಲ್ಲೇ ಊಟ ಮಾಡುತ್ತಿದ್ದ. ಟ್ವೈಲಾ ಅಡುಗೆಮನೆಯಿಂದ ಉಳಿದ ಬ್ರೆಡ್ಡು, ಹುರುಳಿಕಾಯಿ ತಂದರೆ ಮೂವರಿಗೂ ಪಾಲು ಮಾಡುತ್ತಿದ್ದಳು. ಒಂದೆರಡು ಸಲ ಅವಳು ನಕ್ಕದ್ದೂ ಉಂಟು.

ಬೆಳಿಗ್ಗೆ ಕಾರು ಚಾಲೂ ಆಗಲು ಗೊಣಗುತ್ತದೆ ಎಂದು ಅವಳು ಒಂದು ದಿನ ಅಂದಳು. "ನಾನೂ ಗೊಣಗ್ತೀನಿ, ಆಮೇಲೆ ಏಳಲ್ವಾ?" ಎಂದಳು ತಾಯಿ. ಎಲ್ಲರೂ ನಕ್ಕೆವು.

ಜುಲೈ ತಿಂಗಳ ಅತಿ ಕೆಟ್ಟ ಬಿಸಿಲಿನ ದಿನಗಳವು. ರಸ್ತೆಯಲ್ಲಿ ಬಿದ್ದವರ ಚರ್ಮ ಟಾರಿಗೆ ಅಂಟಿ ಸುಟ್ಟುಹೋಗುತ್ತಿದ್ದ ಕಾಲ. ಆ ದಿನ ವೃದ್ಧಾಶ್ರಮದ ಅಡುಗೆಮನೆಗೆ ಇಬ್ಬರು ಬಂದಿರಲಿಲ್ಲ. ತಟ್ಟೆ ತೊಳೆಯುವ ಯಂತ್ರವೂ ಕೈಕೊಟ್ಟಿತ್ತು. ಮೇಲ್ವಿಚಾರಕಿ ಟ್ವೈಲಾಗೆ ಬಿಡುವು ಕೊಡಲಿಲ್ಲ. ಒಮ್ಮೆ ಬಾಗಿಲವರೆಗೆ ಬಂದು ನೋಡಿದಳಂತೆ. ಸಾಮಾನು ಇಳಿಸುವ ಲಾರಿ ಅಡ್ಡ ನಿಂತಿತ್ತು. ಎಂಜಿನ್ನಿನ ಸದ್ದು ಕೇಳಿತು. ಅದು ಲಾರಿಯ ಸದ್ದು ಎಂದು ಅವಳಿಗೆ ಗೊತ್ತಾಗಲಿಲ್ಲ. ಅವಳು ಒಳಗೆ ಹೋದಳು.

ಲಾರಿ ಹೋದ ಮೇಲೆ ಕಸದ ಚೀಲ ಹಿಡಿದು ಹೊರಗೆ ಬಂದಾಗ ಅಂಗಳ ನಿಶ್ಶಬ್ದವಾಗಿತ್ತು. ಚೀಲ ಎಲ್ಲಿ ಬಿತ್ತೋ ಗೊತ್ತಿಲ್ಲ ಎಂದು ಆಮೇಲೆ ನನಗೆ ಹೇಳಿದಳು. ಕಾರು ತಾನಾಗಿ ನಿಂತುಹೋಗಿತ್ತು. ಕಿಟಕಿಯ ಗಾಜು ಇಳಿಸುವುದಕ್ಕೂ ಕರೆಂಟೇ ಬೇಕು. ಐಡೆಲಾ ಹಿಂದಿನ ಸೀಟಿನಿಂದ ಬಾಗಿಲಿನ ಕಡೆಗೆ ಒರಗಿದ್ದಳು. ಆ ಬಾಗಿಲು ಅವಳ ಎಡಗಡೆಯದು, ಬಿದ್ದುಹೋದ ಕೈಯ ಕಡೆಯದು. ಬಲಗಡೆಯ ಬಾಗಿಲು ಸೀಟಿನ ಆ ತುದಿಯಲ್ಲಿ, ಅವಳು ತಾನಾಗಿ ಸರಿಯಲಾಗದಷ್ಟು ದೂರ. ಆಂಬುಲೆನ್ಸ್ ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪೊಲೀಸರು ಟ್ವೈಲಾಳನ್ನು ಅಲ್ಲಿಂದಲೇ ಕರೆದುಕೊಂಡು ಹೋದರು. ಕೈಲಾಗದ ಮುದುಕಿಯನ್ನು ಗಾಡಿಯಲ್ಲಿ ಕೂಡಿಹಾಕಿ ಹೋದಳು ಎಂದು ಬರೆದುಕೊಂಡರು. ಯಾಕೆ ಹಾಗೆ ಬಿಟ್ಟುಹೋದೆ ಎಂದು ಒಬ್ಬ ಅಧಿಕಾರಿ ಮತ್ತೆ ಮತ್ತೆ ಕೇಳಿದನಂತೆ. ಕೊನೆಗೆ ಅವಳು ಅವನನ್ನು ಕೇಳಿದಳಂತೆ, "ಎಲ್ಲಿ ಬಿಡಬೇಕಿತ್ತು ಸರ್? ಒಂದು ಜಾಗ ಹೇಳಿ, ಅಲ್ಲೇ ಬಿಟ್ಟಿರ್ತಿದ್ದೆ." ಮೊಕದ್ದಮೆ ಹಾಕಬೇಕೋ ಬೇಡವೋ ಎಂದು ಆಮೇಲೆ ತಿಳಿಸುತ್ತೇವೆ ಎಂದು ಹೇಳಿ ಅವಳನ್ನು ಬಿಟ್ಟುಕಳಿಸಿದರು. ಆ ಆಮೇಲೆ ಎಂಬುದು ಅವಳ ನೆತ್ತಿಯ ಮೇಲೆ ಹಾಗೇ ತೂಗುತ್ತ ಉಳಿಯಿತು.

ಮಣ್ಣು ಮಾಡುವಷ್ಟು ದುಡ್ಡು ಯಾರ ಬಳಿಯೂ ಇರಲಿಲ್ಲ. ಜಿಲ್ಲಾಡಳಿತದವರೇ ಸುಟ್ಟು, ಬೂದಿಯನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಟ್ಟರು. ಪಾದ್ರಿ ಅಂಗಳದಲ್ಲೇ ನಾಲ್ಕು ಮಾತು ಆಡಿದ. ವೆಂಡೆಲ್ ತನ್ನ ಪಿಕಪ್ಪಿನ ಹಿಂದೆ ಕೂತಿದ್ದವನು ಹತ್ತಿರ ಬರಲಿಲ್ಲ. ಆ ದಿನಗಳಲ್ಲಿ ಅವನು ಏನಾದರೂ ತಿನ್ನುತ್ತಿದ್ದನೋ ಇಲ್ಲವೋ ನನಗೆ ತಿಳಿಯದು. ಅವನು ನನ್ನನ್ನು ಕೇಳಿದ್ದು ಒಂದೇ. ಕಾರು ಎಲ್ಲಿದೆ?

ಪೊಲೀಸರು ಎಳೆದುಕೊಂಡು ಹೋದ ಗಾಡಿಗಳನ್ನು ಇಡುವ ಬಯಲಿನಲ್ಲಿತ್ತು. ಬಿಡಿಸಿಕೊಳ್ಳಲು ಅನುಮತಿ ಬಂದ ದಿನ ನನ್ನ ವ್ಯಾನಿನಲ್ಲಿ ಮೂವರೂ ಹೋದೆವು. ಹಿಂದಿನ ಸೀಟಿನ ಮೇಲೆ ಐಡೆಲಾಳ ಟವೆಲು ಹಾಗೇ ಬಿದ್ದಿತ್ತು. ಟ್ವೈಲಾ ಅದನ್ನು ನೋಡಿ, ಮುಂದಿನ ಚಕ್ರದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

ವೆಂಡೆಲ್ ಬಾನೆಟ್ಟು ಎತ್ತಿ, ತಾನು ಎಳೆದ ವೈರನ್ನು ತುದಿಯಿಂದ ತುದಿಯವರೆಗೆ ಬೆರಳಾಡಿಸಿ ನೋಡಿದ. ಎಲ್ಲೂ ಸುಟ್ಟಿರಲಿಲ್ಲ. ಫ್ಯೂಸು ಸರಿಯಿತ್ತು. ಬ್ಯಾಟರಿಯಲ್ಲಿ ಮಾತ್ರ ಜೀವವಿರಲಿಲ್ಲ. ನನ್ನ ವ್ಯಾನಿನಿಂದ ಕರೆಂಟು ಕೊಟ್ಟು ಚಾಲೂ ಮಾಡಿಸಿದ. ಎರಡೂ ಫ್ಯಾನು ಗುಯ್ಯೆಂದು ತಿರುಗಿದವು. ಎಂದಿನಂತೆಯೇ, ಒಂದು ಚೂರೂ ಕಡಿಮೆಯಿಲ್ಲದೆ. ಟ್ವೈಲಾ ಎರಡೂ ಕಿವಿ ಮುಚ್ಚಿಕೊಂಡಳು.

ಅವನು ಎ.ಸಿ. ಹಾಕಿ, ಮೀಟರು ಹಿಡಿದು ಸುಡುಬಿಸಿಲಿನಲ್ಲಿ ನಿಂತ. ಬಹಳ ಹೊತ್ತು ನಿಂತ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಮೊದಲು ಚೆನ್ನಾಗಿದ್ದ ಅಂಕಿ ಎಂಜಿನ್ನು ಕಾದಷ್ಟೂ ಇಳಿಯುತ್ತ ಬಂತು. ಅವನು ಕೀಲಿ ತೆಗೆದ. ಬೆವರು ಅವನ ಗಲ್ಲದಿಂದ ಎಂಜಿನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ವೈರು ಸುಟ್ಟಿಲ್ಲ," ಎಂದ.

"ಮತ್ತೆ?" ಎಂದಳು ಟ್ವೈಲಾ, ಕೂತಲ್ಲಿಂದಲೇ.

"ಎರಡೂ ಫ್ಯಾನು ಇಡೀ ದಿನ ಪೂರ್ತಿ ಜೋರಲ್ಲಿ ತಿರುಗ್ತಿದ್ವು. ಗಾಡಿ ನಿಂತಲ್ಲೇ ಇದ್ರೆ ಡೈನಮೋ ಅಷ್ಟು ಕರೆಂಟು ಕೊಡಲ್ಲ. ಕಡಿಮೆ ಬಿದ್ದದ್ದನ್ನ ಬ್ಯಾಟರಿ ಕೊಡ್ತಿತ್ತು. ದಿನಾ ಒಂದಿಷ್ಟು, ದಿನಾ ಒಂದಿಷ್ಟು. ಮುಂಚೆ ನೀವು ಹೆದ್ದಾರಿ ಸುತ್ತುವಾಗ ಅದು ತುಂಬ್ಕೊಳ್ತಿತ್ತು. ಫ್ಯಾನು ಸರಿಯಾದ ಮೇಲೆ ಸುತ್ತೋದು ಬಿಟ್ರಿ." ಅವನು ಮೀಟರಿನ ತಂತಿ ಸುತ್ತಿಕೊಂಡ. "ನಾನು ಅವತ್ತು ಮೀಟರ್ ಹಿಡಿದದ್ದು ಸಂಜೆ, ಗಾಡಿ ತಣ್ಣಗಿದ್ದಾಗ, ಒಂದು ಗಳಿಗೆ. ಬಿಸಿ ನೋಡಿ ತಿರುಗಿಸೋ ಸ್ವಿಚ್ ಹುಡುಕಿ ಹಾಕ್ಬೇಕಿತ್ತು. ಕೆಡೋಕೆ ಏನೂ ಇಲ್ಲ ಅಂತ ಹೇಳ್ದೆ."

ಟ್ವೈಲಾ ಬೇಲಿಯ ಕಡೆ ತಿರುಗಿದಳು. ಬೇಲಿಯಾಚೆ ಯಾವುದೋ ಗಾಡಿಯನ್ನು ಸರಪಳಿಯಿಂದ ಇಳಿಸುತ್ತಿದ್ದರು.

"ಇದನ್ನ ನನಗೆ ಯಾಕೆ ಹೇಳ್ದೆ?" ಎಂದಳು.

"ಸುಳ್ಳು ಹೇಳೋಕಾಗ್ಲಿಲ್ಲ."

"ಸುಳ್ಳು ಯಾರು ಹೇಳು ಅಂದ್ರು? ಸುಮ್ನಿರೋಕಾಗ್ತಿರ್ಲಿಲ್ವಾ?" ಅವಳ ದನಿ ಏರಲಿಲ್ಲ. "ನನ್ನ ತಪ್ಪು ಅಂತ ಪೊಲೀಸ್ರು ಅಂದ್ರು. ಸರಿ ಅಂದ್ಕೊಂಡೆ. ಬೀಗ ಹಾಕಿದವಳು ನಾನು, ಒಳಗೆ ಹೋದವಳು ನಾನು. ಅದೊಂದನ್ನ ಹಿಡ್ಕೊಂಡು ಕೂತಿದ್ದೆ. ಈಗ ನೀನು ಬಂದು ಡೈನಮೋ ಅಂತೀಯ, ಸ್ವಿಚ್ಚು ಅಂತೀಯ. ಒಂದು ಸ್ವಿಚ್ಚಿಗೋಸ್ಕರ ಸತ್ತಳಾ ನಮ್ಮಮ್ಮ? ಅದನ್ನ ನಾನು ಹೇಗೆ ಹೊತ್ಕೊಳ್ಳಲಿ?"

ವೆಂಡೆಲ್ ಬಾನೆಟ್ಟು ಇಳಿಸಿದ. ಅವನಿಗೆ ಕ್ಷಮೆ ಬೇಕಿತ್ತೋ, ಹೊಡೆತ ಬೇಕಿತ್ತೋ. ಎರಡೂ ಸಿಗಲಿಲ್ಲ. ಅವಳು ಎದ್ದು, ಬಟ್ಟೆಯ ಮಣ್ಣು ಕೊಡವಿಕೊಂಡು, ಗಾಡಿ ಓಡುವ ಹಾಗೆ ಮಾಡಿಕೊಡು, ನನಗೆ ಮಲಗಲು ಬೇರೆ ಜಾಗವಿಲ್ಲ ಎಂದಷ್ಟೇ ಹೇಳಿದಳು.

ಅವನು ಮಾಡಿಕೊಟ್ಟ. ಎಲ್ಲೆಲ್ಲೋ ಅಲೆದು ಬಿಸಿ ಅಳೆಯುವ ಸ್ವಿಚ್ಚು ತಂದ. ತಾನೇ ಎಳೆದಿದ್ದ ವೈರನ್ನು ಕಿತ್ತು ಮತ್ತೊಮ್ಮೆ ಎಳೆದ; ಈ ಸಲ ಎಂಜಿನ್ನು ಬಿಸಿಯಾದಾಗ ಮೊದಲು ಒಂದು ಫ್ಯಾನು, ಸಾಲದಿದ್ದರೆ ಇನ್ನೊಂದು. ಕೆಲಸ ಅಷ್ಟೇ ಅಚ್ಚುಕಟ್ಟು. ಆದರೆ ಯಾರೂ ಪಕ್ಕದಲ್ಲಿ ಕೂತು ಮಾತಾಡಲಿಲ್ಲ. ಹಳೆಯ ಬ್ಯಾಟರಿ ತೆಗೆದು ಒಳ್ಳೆಯದೊಂದನ್ನು ಕೂರಿಸಿದ. ಎಲ್ಲಿಂದ ತಂದೆ ಎಂದು ಟ್ವೈಲಾ ಕೇಳಲಿಲ್ಲ. ಅವನ ಪಿಕಪ್ಪಿನ ಬಾನೆಟ್ಟು ಸರಿಯಾಗಿ ಮುಚ್ಚದೆ ಇದ್ದದ್ದನ್ನು ನಾನು ನೋಡಿದ್ದೆ. ನಾನೂ ಬಾಯಿ ಬಿಡಲಿಲ್ಲ.

ಅವಳು ಅದೇ ಅಡುಗೆಮನೆಗೆ ಹಿಂದಿರುಗಿದಳು. ಹೋಗದೆ ಏನು ಮಾಡುವುದು? ಅದೇ ಬಾಗಿಲಿನಿಂದ ಕಸ ಹೊರಗೆ ಹಾಕುತ್ತಾಳೆ, ಕಾರನ್ನು ಮಾತ್ರ ಕಟ್ಟಡದ ಆ ಬದಿಗೆ ನಿಲ್ಲಿಸುತ್ತಾಳೆ ಎಂದು ಅಲ್ಲಿಯ ಒಬ್ಬಳು ನನಗೆ ಹೇಳಿದಳು. ಸಾಯಂಕಾಲ ಅಂಗಳಕ್ಕೆ ಬಂದರೆ ಯಾರೊಡನೆಯೂ ಮಾತಿಲ್ಲ. ವೆಂಡೆಲ್ ತಟ್ಟೆ ಹಿಡಿದು ಬರುವುದನ್ನು ನಿಲ್ಲಿಸಿದ.

ಆಗಸ್ಟ್ ಕೊನೆಗೆ ಅಂಗಳಕ್ಕೆ ಹೊಸ ಟಾರು ಹಾಕಿಸುತ್ತೇವೆ, ಎಲ್ಲರೂ ಗಾಡಿ ತೆಗೆಯಬೇಕು ಎಂದು ಚರ್ಚಿನವರು ಹೇಳಿದರು. ಟಾರು ಹಾಕಿದ ಮೇಲೆ ಮತ್ತೆ ಬರಬಹುದೇ ಎಂದು ಕೇಳಿದ್ದಕ್ಕೆ ಪಾದ್ರಿ ನೆಲ ನೋಡಿದ. ಅವನ ಮೇಲೂ ಯಾರೋ ಇದ್ದಿರಬೇಕು. ತೆಗೆಯುವ ದಿನ ವೆಂಡೆಲನ ಪಿಕಪ್ಪು ಅಲ್ಲಾಡಲಿಲ್ಲ. ನನ್ನ ವ್ಯಾನಿನಿಂದ ಕರೆಂಟು ಕೊಡುತ್ತೇನೆ, ಬೇರೊಂದು ಬ್ಯಾಟರಿ ಹುಡುಕೋಣ ಎಂದೆ. "ಬೇಡ ಬಿಡಮ್ಮ," ಎಂದ. ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡ. ಸ್ಪ್ಯಾನರು, ಮೀಟರು, ಬೆಸುಗೆ ಕಡ್ಡಿ ಎಲ್ಲವನ್ನೂ ಪಿಕಪ್ಪಿನ ಸೀಟಿನ ಮೇಲೆ ಸಾಲಾಗಿ ಜೋಡಿಸಿಟ್ಟು ಬಾಗಿಲು ಹಾಕಿದ. ಎಳೆದುಕೊಂಡು ಹೋಗುವ ಲಾರಿ ಬರುವ ಮುಂಚೆಯೇ ಹೊರಟುಹೋದ. ಸೆಪ್ಟೆಂಬರಿನಲ್ಲಿ ಒಮ್ಮೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವನನ್ನು ಕಂಡೆ. ಕಣ್ಣು ಅರೆಮುಚ್ಚಿತ್ತು, ಮತ್ತೆ ಮಾತ್ರೆ ಹಿಡಿದಿದ್ದ. ಹೆಸರು ಹಿಡಿದು ಕರೆದೆ. ನನ್ನನ್ನು ನೋಡಿದ, ಗುರುತು ಸಿಕ್ಕಿತು, ಮುಖ ತಿರುಗಿಸಿದ. ಆಮೇಲೆ ಕಾಣಲಿಲ್ಲ.

ಟ್ವೈಲಾ ಮತ್ತು ನಾನು ಊರಿನ ಹೊರಗಿನ ದೊಡ್ಡ ಅಂಗಡಿಯೊಂದರ ಪಾರ್ಕಿಂಗಿಗೆ ಹೋದೆವು. ಅಲ್ಲಿ ಅವಳು ಕಿಟಕಿ ಇಳಿಸಿಕೊಂಡು ಬಿಸಿಯಲ್ಲೇ ಕೂತಿರುತ್ತಿದ್ದಳು. ಎ.ಸಿ. ಹಾಕುತ್ತಿರಲಿಲ್ಲ. ಯಾಕೆ ಎಂದು ಕೇಳಿದೆ. ಎಂಜಿನ್ನು ಬಿಸಿಯಾಗಿ ಫ್ಯಾನು ತಾನಾಗಿ ಗುಯ್ಯೆನ್ನುತ್ತಿದ್ದಂತೆ ಎದೆ ಹಿಡಿದುಕೊಳ್ಳುತ್ತದೆ, ಇಳಿದು ಓಡಬೇಕೆನ್ನಿಸುತ್ತದೆ ಎಂದಳು. ಆ ಸದ್ದು ನಿಂತರೆ ಇನ್ನೂ ಭಯವಂತೆ. ನಿಂತು ಎಷ್ಟು ಹೊತ್ತಾಯಿತೋ ಎಂದು ಹಿಂದಿನ ಸೀಟಿನ ಕಡೆ ತಿರುಗಿ ನೋಡುತ್ತಾಳಂತೆ.

ಒಂದು ಮಧ್ಯಾಹ್ನ ಅವಳ ಫೋನು ಬಂತು. ಹೆದ್ದಾರಿಯಿಂದ ಇಳಿಯುವ ದಾರಿಯಲ್ಲಿ ಕಾರು ನಿಂತುಹೋಗಿದೆ, ಬರುತ್ತೀಯಾ ಎಂದಳು. ಹೋದೆ. ಮುಂದೆ ಎಲ್ಲೋ ಅಪಘಾತವಾಗಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಅವಳ ಕಾರಿನ ಬಾನೆಟ್ಟಿನಿಂದ ಆವಿ ಏಳುತ್ತಿತ್ತು, ಕೆಳಗೆ ರೇಡಿಯೇಟರಿನ ಹಸಿರು ನೀರು ಹರಿದು ಟಾರಿನ ಮೇಲೆ ಒಣಗುತ್ತಿತ್ತು. ಎಂಜಿನ್ನು ಸುಟ್ಟ ವಾಸನೆ ದೂರಕ್ಕೇ ಬಡಿಯಿತು. ಅವಳು ರಸ್ತೆಯಂಚಿನ ಕಂಬಿಗೆ ಒರಗಿ ನಿಂತಿದ್ದಳು.

"ಫ್ಯಾನು ತಿರುಗ್ಲಿಲ್ವಾ?" ಎಂದೆ.

ಅವಳು ಅಂಗೈ ಬಿಚ್ಚಿ ತೋರಿಸಿದಳು. ಫ್ಯಾನಿನ ಫ್ಯೂಸು ಅಲ್ಲಿತ್ತು.

"ಬೆಳಿಗ್ಗೆನೇ ಕಿತ್ತೆ. ಒಂದು ದಿನ ಆ ಸದ್ದಿಲ್ದೆ ಹೋಗೋಣ ಅಂತ. ಓಡ್ತಿದ್ರೆ ಏನಾಗಲ್ಲ ಅಂದ್ಕೊಂಡಿದ್ದೆ. ರಸ್ತೆ ನಿಂತುಹೋಯ್ತು."

"ಮುಳ್ಳು ಏರೋದು ಕಾಣ್ಲಿಲ್ವಾ?"

"ಕಾಣ್ತು," ಎಂದಳು. ಅಷ್ಟೇ.

ಕಾರಿನಿಂದ ಅವಳ ಬಟ್ಟೆಯ ಚೀಲ, ಕೆಲಸದ ಬೂಟು, ಮುಂದಿನ ಸೀಟಿನ ಕೆಳಗಿದ್ದ ಬೂದಿಯ ಡಬ್ಬಿ ತೆಗೆದು ವ್ಯಾನಿನಲ್ಲಿಟ್ಟೆವು. ಉಳಿದದ್ದನ್ನೂ ಕಾರನ್ನೂ ಅಲ್ಲೇ ಬಿಟ್ಟೆವು. ಹಿಂದಿನ ಗಾಡಿಗಳವರು ಹಾರನ್ನು ಹೊಡೆಯುತ್ತಿದ್ದರು. ಅವಳು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಆ ರಾತ್ರಿ ನನ್ನ ವ್ಯಾನಿನಲ್ಲಿ, ನಾನು ಮೋಟೆಲಿನಿಂದ ತಂದಿದ್ದ ಹರಿದ ಹಾಸಿಗೆ ಬಟ್ಟೆಯ ಮೇಲೆ ಮಲಗಿದಳು. ಮಾರನೆಯ ಬೆಳಿಗ್ಗೆ ವೃದ್ಧಾಶ್ರಮದ ಹಿಂಬಾಗಿಲಿನ ಹತ್ತಿರ ಇಳಿಸಿದೆ. ಇಳಿಯುವ ಮುಂಚೆ ಬೂಟಿನ ದಾರ ಬಿಗಿದುಕೊಂಡಳು. ಸಂಜೆ ಕರೆದುಕೊಂಡು ಹೋಗಲು ಬರಲೇ ಎಂದು ಕೇಳಿದೆ. ಬರಬೇಡ, ನಡೆದು ಬರುತ್ತೇನೆ ಎಂದಳು. ಒಳಗಿನಿಂದ ತಟ್ಟೆಗಳ ಸದ್ದು ಬರುತ್ತಿತ್ತು. ಅವಳು ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ನಾನು ನನ್ನ ಕೆಲಸಕ್ಕೆ ಹೋದೆ.